ಲಾಡ್ಜಿನ ಇಂಟರ್ವ್ಯೂಗೆ ಹೊರಡುವ ಮೊದಲು ಇದನ್ನು ಓದಿ

ಕಾಸರಗೋಡಿನವರಿಗೆ ಗಲ್ಫ್ ಕೆಲಸದ ಇಂಟರ್ವ್ಯೂ ಅಂದರೆ ಹೆಚ್ಚಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿನ ಯಾವುದೋ ಲಾಡ್ಜು. ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ ಕಡೆಯಿಂದ ಐಟಿಐ ಮುಗಿಸಿದ ಹುಡುಗರು ಬೆಳಗ್ಗಿನ ಬಸ್ಸೋ ರೈಲೋ ಹಿಡಿದು ಹೋಗುತ್ತಾರೆ. ಅಲ್ಲಿ ಮೋಸ ಹೋದವರ ಅನುಭವ ಹೆಚ್ಚುಕಮ್ಮಿ ಒಂದೇ ಅಚ್ಚಿನದು.

ಮೊದಲು ವಾಟ್ಸಾಪಿಗೆ ಪೋಸ್ಟರ್: ದುಬೈ, ಎಲೆಕ್ಟ್ರಿಷಿಯನ್, ಊಟ ವಸತಿ ಉಚಿತ, ‘ಸ್ಪಾಟ್ ಸೆಲೆಕ್ಷನ್’. ಒಳಗೆ ಹೋದರೆ ಮೂರೇ ನಿಮಿಷ. ಊರು ಯಾವುದು, ಪಾಸ್‌ಪೋರ್ಟ್ ಇದೆಯಾ, ಯಾವಾಗ ಹೊರಡಬಹುದು. 2.5 ಚದರ ಮಿಲಿಮೀಟರ್ ವಯರಿಗೆ ಎಷ್ಟು ಆಂಪಿಯರಿನ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಹಾಕುತ್ತೀ ಎಂದು ಯಾರೂ ಕೇಳುವುದಿಲ್ಲ. ನಿಜಕ್ಕೂ ಆಳು ಬೇಕಾದ ಕಂಪೆನಿ ಕೈಕೆಲಸ ನೋಡದೆ ಎಲೆಕ್ಟ್ರಿಷಿಯನ್ನನ್ನೋ ವೆಲ್ಡರನ್ನೋ ಒಯ್ಯುವುದು ಅಪರೂಪ, ಮಾರಾಯ್ರೆ.

ಆಮೇಲೆ ‘ಸೆಲೆಕ್ಟ್ ಆಯ್ತು’ ಎಂದು ಪಾಸ್‌ಪೋರ್ಟ್, ಮೂಲ ಅಂಕಪಟ್ಟಿ ಎರಡೂ ಇರಿಸಿಕೊಳ್ಳುತ್ತಾರೆ. ಹಣ ಕೇಳುವುದು ನಂತರ, ಕಂತಿನಲ್ಲಿ: ಮೆಡಿಕಲ್‌ಗೆ ಇಷ್ಟು, ವೀಸಾಕ್ಕೆ ಇಷ್ಟು, ಟಿಕೆಟಿಗೆ ಇಷ್ಟು. ಕಾಗದಪತ್ರ ಅವರ ಕೈಯಲ್ಲಿರುವಾಗ ಬೇಡ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಇಡೀ ಆಟದ ಕೀಲಿ ಇರುವುದು ಇಲ್ಲೇ. ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಭಾರತ ಸರಕಾರದ ಸೊತ್ತು, ಏಜೆಂಟನ ಅಡವಿನ ವಸ್ತು ಅಲ್ಲ. ಇಂಟರ್ವ್ಯೂಗೆ ಜೆರಾಕ್ಸ್ ಸಾಕು; ಅದರ ಮೇಲೂ ಅಡ್ಡಕ್ಕೆ ‘ಈ ಇಂಟರ್ವ್ಯೂಗೆ ಮಾತ್ರ’ ಎಂದು ತಾರೀಕು ಹಾಕಿ ಸಹಿ ಮಾಡಿ. ಮೂಲ ಪ್ರತಿ ತೋರಿಸಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

ಇನ್ನೊಂದು ನೆಪ ನಮ್ಮ ಕಡೆಯವರಿಗೇ ಹೊಲಿದಂತಿದೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು. ಈ ವ್ಯತ್ಯಾಸ ತೋರಿಸಿ ‘ಅಟೆಸ್ಟೇಷನ್ ನಾನು ಮಾಡಿಸ್ತೇನೆ, ಒರಿಜಿನಲ್ ಕೊಡಿ’ ಎನ್ನುತ್ತಾರೆ. ಅಟೆಸ್ಟೇಷನ್ ಅಂದರೆ ಸರ್ಟಿಫಿಕೇಟು ಅಸಲಿ ಎಂಬ ಸರಕಾರಿ ದೃಢೀಕರಣ. ಕೇರಳದ ಸರ್ಟಿಫಿಕೇಟಾದರೆ ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾ ರೂಟ್ಸ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಿ ಕೋಯಿಕ್ಕೋಡಿನ ಕೇಂದ್ರದಲ್ಲಿ ನೀವೇ ಮಾಡಿಸಬಹುದು. ಮಂಗಳೂರಲ್ಲಿ ಕಲಿತದ್ದಾದರೆ ಕರ್ನಾಟಕದಲ್ಲೇ ಆಗಬೇಕು.

ಹಣದ ಲೆಕ್ಕ ಕಾನೂನಿನಲ್ಲೇ ಇದೆ. 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಇರುವ ಏಜೆಂಟ್ ಮಾತ್ರ ಆಳು ಕಳಿಸಬಹುದು. ಅವರ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, 18 ಶೇಕಡಾ ಜಿಎಸ್‌ಟಿ ಸೇರಿ 35,400, ಅದೂ ರಶೀದಿಯ ಮೇಲೆ. ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟರ ಪಟ್ಟಿ ಇದೆ. ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ಎಂದೂ ನೋಡಿ. ‘ನಾನು ಮುಂಬೈ ಆಫೀಸಿನ ಸಬ್ ಏಜೆಂಟ್’ ಎಂದರೆ ಅಲ್ಲಿಂದಲೇ ಎದ್ದು ಬನ್ನಿ, ಸಬ್ ಏಜೆಂಟ್‌ಗೆ ಕಾನೂನಿನಲ್ಲಿ ಜಾಗವಿಲ್ಲ. ದುಬೈ ಇರುವ ಯುಎಇಯಲ್ಲಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನೇ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ.

ವೀಸಾ ಬಂದಾಗ ಖುಷಿಯಲ್ಲಿ ಫೋಟೊ ಹಂಚುವ ಮೊದಲು ಅದು ಯಾವ ಬಗೆಯದೆಂದು ಓದಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಯುಎಇಯಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರಲು ಹೋದವನೇ ಸಿಕ್ಕಿಬೀಳುತ್ತಾನೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಬೇರೆ. ‘ಅಲ್ಲಿ ಹೋದ ಮೇಲೆ ಚೇಂಜ್ ಮಾಡಿಸ್ತೇವೆ’ ಎಂಬ ಮಾತನ್ನು ನಂಬಿ ವಿಮಾನ ಹತ್ತಬೇಡಿ. ಅಲ್ಲಿನ ಕಾರ್ಮಿಕ ಸಚಿವಾಲಯದ ಮಾದರಿಯ ಆಫರ್ ಲೆಟರ್ ಕೇಳಿ, ಮಲಯಾಳದಲ್ಲೂ ಸಿಗುತ್ತದೆ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಬಿಡಿಯಾಗಿ ನೋಡಿ, ಯಾಕೆಂದರೆ ಕೊನೆಗೆ ಸಿಗುವ ಗ್ರಾಚ್ಯುಯಿಟಿ ಮೂಲ ವೇತನದ ಮೇಲೆ ಮಾತ್ರ.

ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಖಾತೆ ಬರಿದಾಗುತ್ತದೆ. ಪೊಲೀಸರ ಹತ್ತಿರ ಹೋದರೆ ಗಡಿನಾಡಿನ ಹಳೇ ರಗಳೆ ಕಾದಿರುತ್ತದೆ: ‘ಇಂಟರ್ವ್ಯೂ ಮಂಗಳೂರಿನಲ್ಲಿ, ಅಲ್ಲಿಗೆ ಹೋಗಿ’ ಎಂದು ಇಲ್ಲಿ, ‘ನೀವು ಕೇರಳದವರು’ ಎಂದು ಅಲ್ಲಿ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಸೆಕ್ಷನ್ ನಂಬರನ್ನು ಚೀಟಿಯಲ್ಲಿ ಬರೆದೇ ಒಯ್ಯಿರಿ. ಜೊತೆಗೆ ಪೋಸ್ಟರಿನ ಸ್ಕ್ರೀನ್‌ಶಾಟ್, ಯುಪಿಐ ವ್ಯವಹಾರದ ನಂಬರ್, ಲಾಡ್ಜಿನ ಹೆಸರು, ತಾರೀಕು.