ಧಾರವಾಡದ ಮಾಳಿಗೆಯಿಂದ ಎಲ್2 ಪಪ್ಪಿಸ್ ನೋಡೋಕೆ 10×50 ಬೈನಾಕ್ಯುಲರ್ ಸಾಕಾ?

ಸಾಕು. ನನ್ನ ಪ್ರಕಾರ ಈ ನಕ್ಷತ್ರಕ್ಕೆ ಟೆಲಿಸ್ಕೋಪಿಗಿಂತ ಇದೇ ವಾಸಿ. ನಾನು ಬಳಸುತ್ತಿರುವುದು ಹತ್ತು ಸಾವಿರದ ಆಸುಪಾಸಿಗೆ ಸಿಗುವ ಮಾಮೂಲಿ 10×50. ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 50 ಮಿ.ಮೀ. ಇದನ್ನು ಎರಡು ಮೂರು ಕಂಪನಿಗಳು ಹೆಚ್ಚುಕಡಿಮೆ ಒಂದೇ ಥರ ಮಾಡುತ್ತವೆ. ಹಾಗಾಗಿ ಇಲ್ಲಿ ಬರೆದದ್ದು ಈ ಅಳತೆಯ ಎಲ್ಲದಕ್ಕೂ ಹೊಂದುತ್ತದೆ.

ಮೊದಲು ನಕ್ಷತ್ರದ ವಿಷಯ, ಯಾಕಂದ್ರೆ ಅದಕ್ಕಾಗಿಯೇ ತಗೊಂಡಿದ್ದು. ಎಲ್2 ಪಪ್ಪಿಸ್ ಒಂದು ಕೆಂಪು ದೈತ್ಯ, ನಮ್ಮಿಂದ ಸುಮಾರು 200 ಜ್ಯೋತಿರ್ವರ್ಷ ದೂರ. ಮುದಿ ನಕ್ಷತ್ರ. ಸುಮಾರು 140 ದಿನಕ್ಕೊಮ್ಮೆ ಅದರ ಹೊರಮೈ ಉಬ್ಬಿ ಕುಗ್ಗುತ್ತದೆ, ಜೊತೆಗೆ ಬೆಳಕೂ ಏರಿ ಇಳಿಯುತ್ತದೆ. 1872ರಲ್ಲೇ ಬೆಂಜಮಿನ್ ಗೌಲ್ಡ್ ಇದರ ಏರಿಳಿತ ಗುರುತಿಸಿದ್ದರು. ಆಗೆಲ್ಲ ಇದು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. 1994ರ ಸುಮಾರಿಗೆ ಮಂಕಾಗತೊಡಗಿತು, ಕಾರಣ ಅದು ತಾನೇ ಉಗುಳಿದ ಧೂಳು ನಮಗೂ ಅದಕ್ಕೂ ನಡುವೆ ಅಡ್ಡ ಬಂದದ್ದು. ಚಿಲಿಯ ದೊಡ್ಡ ದೂರದರ್ಶಕದ ಚಿತ್ರಗಳಲ್ಲಿ ಆ ಧೂಳಿನ ತಟ್ಟೆ ಪಕ್ಕದಿಂದ ಕಾಣುತ್ತದೆ. 2016ರಲ್ಲಿ ಆಲ್ಮಾ ರೇಡಿಯೋ ದೂರದರ್ಶಕದಿಂದ ಅಳೆದಾಗ ಇದರ ತೂಕ ಈಗ ಸೂರ್ಯನ ಮೂರರಲ್ಲಿ ಎರಡು ಪಾಲು, ವಯಸ್ಸು ಸುಮಾರು 1000 ಕೋಟಿ ವರ್ಷ ಅಂತ ಬಂತು. ಹುಟ್ಟಿದಾಗ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ ಇತ್ತಂತೆ! ಇನ್ನು 500 ಕೋಟಿ ವರ್ಷಕ್ಕೆ ನಮ್ಮ ಸೂರ್ಯ ಹೇಗಿರಬಹುದು ಅನ್ನೋದನ್ನ ಇಲ್ಲೇ ಕೂತು ನೋಡಬಹುದು ಅಂದ್ರೆ ನನಗಂತೂ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಾವು ಇರುವ ಜಾಗವೂ ಇದಕ್ಕೆ ಒಳ್ಳೇದು. ಲಂಡನ್ನಿನವರಿಗೆ ಈ ನಕ್ಷತ್ರ ಹುಟ್ಟುವುದೇ ಇಲ್ಲ. ಧಾರವಾಡದಲ್ಲಿ ದಕ್ಷಿಣಕ್ಕೆ ಬಂದಾಗ 30 ಡಿಗ್ರಿ ಮೇಲಿರುತ್ತದೆ, ತೆಂಗಿನ ಮರ, ನೀರಿನ ಟಾಕಿ ಎಲ್ಲ ದಾಟಿ. ಇನ್ನೊಂದು ಅನುಕೂಲ ಇದೆ. ಜುಲೈ ಹೊತ್ತಿಗೆ ಈ ನಕ್ಷತ್ರ ಇರುವ ಕಡೆಗೇ ಸೂರ್ಯನೂ ಬಂದಿರುತ್ತಾನೆ, ಆಗ ಹೇಗೂ ಕಾಣುವುದಿಲ್ಲ. ನಮ್ಮಲ್ಲಿ ಮಳೆ ಹಿಡಿಯುವುದೂ ಆಗಲೇ. ಅಂದ್ರೆ ಮಳೆಗಾಲದಿಂದ ನಮಗೆ ನಷ್ಟ ಏನಿಲ್ಲ.

ಹುಡುಕೋದು ಹೀಗೆ. ಫೆಬ್ರವರಿ ಕೊನೆಗೆ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೆಳಗೆ ಬಲಕ್ಕೆ ಅಗಸ್ತ್ಯ ನಕ್ಷತ್ರ ಕಾಣುತ್ತದೆ, ತಪ್ಪುವ ಮಾತೇ ಇಲ್ಲ. ಅಲ್ಲಿಂದ ಎಡಕ್ಕೆ ಮೇಲೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿಯಷ್ಟು ದೂರದಲ್ಲಿ, ಕಿತ್ತಳೆ ಬಣ್ಣದ ಸಿಗ್ಮಾ ಪಪ್ಪಿಸ್ ಬರಿಗಣ್ಣಿಗೇ ಸಿಗುತ್ತದೆ. ಬೈನಾಕ್ಯುಲರನ್ನು ಅದಕ್ಕೆ ಹಿಡಿದು, ಬಲಕ್ಕೆ ಸ್ವಲ್ಪ ಕೆಳಗೆ ಸರಿಸಿ. ಈ 10×50ರಲ್ಲಿ ಒಂದೇ ಸಲಕ್ಕೆ ಆರೂವರೆ ಡಿಗ್ರಿ ಆಕಾಶ ಕಾಣುತ್ತದೆ, ಎಲ್2 ಇರುವುದು ಸಿಗ್ಮಾದಿಂದ ಮೂರು ಡಿಗ್ರಿ ಆಚೆ. ಎರಡೂ ಒಟ್ಟಿಗೇ ಸಿಗುತ್ತವೆ. ಟೆಲಿಸ್ಕೋಪಿಗಿಂತ ಇದೇ ವಾಸಿ ಅಂದದ್ದು ಇದಕ್ಕೇ. ಎಲ್2 ಈಗ ಎಷ್ಟು ಬೆಳಗಿದೆ ಅಂತ ಹೋಲಿಸಿ ನೋಡಲು ಪಕ್ಕದ ನಕ್ಷತ್ರಗಳು ಕಣ್ಣೆದುರೇ ಇರಬೇಕು, ಟೆಲಿಸ್ಕೋಪಿನ ಕಿರಿದಾದ ನೋಟದಲ್ಲಿ ಅವೆಲ್ಲ ಹೊರಗೆ ಉಳಿಯುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಎಲ್2 ಮತ್ತು ಅದರ ಪಕ್ಕದಲ್ಲೇ ಕಾಣುವ ಎಲ್1 ನಕ್ಷತ್ರದ ಜೋಡಿ. ಹುಣ್ಣಿಮೆ ಚಂದ್ರನ ಅಗಲದಷ್ಟು ಅಂತರದಲ್ಲಿ ಕೆಳಗೊಂದು ಬಿಳಿ, ಮೇಲೊಂದು ಕೆಂಪು. ಪಕ್ಕದ ಮನೆ ಕಾಕಾ ಅವರಿಗೆ ಕೊಟ್ಟೆ. ಮೊದಲು "ಎಲ್ಲಾ ಚುಕ್ಕಿ ಒಂದೇ ಥರಾ ಅದಾವಲ್ಲೋ" ಅಂದರು. ಸ್ವಲ್ಪ ಹೊತ್ತು ಹಿಡಿದು ನೋಡಿ "ಹೌದಲಾ, ಇದು ಕೆಂಪೈತಿ" ಅಂತ ಅವರೇ ಹೇಳಿದರು.

ಫೋಕಸ್ ಗಾಲಿ ನಯವಾಗಿ ತಿರುಗುತ್ತದೆ, ಈ ಕೆಲಸಕ್ಕೆ ಅದು ಬಹಳ ಮುಖ್ಯ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ನಿಂತರೆ ಕಣ್ಣಿಗೆ ಅದು ಇರುವುದಕ್ಕಿಂತ ಜಾಸ್ತಿ ಬೆಳಗಿದಂತೆ ಕಾಣುತ್ತಾ ಹೋಗುತ್ತದೆ. ಅದಕ್ಕೇ ಫೋಕಸ್ಸನ್ನು ಕೂದಲೆಳೆಯಷ್ಟು ಕೆಡಿಸಿ, ಎಲ್ಲ ನಕ್ಷತ್ರಗಳೂ ಸಣ್ಣ ಬಿಲ್ಲೆಗಳಾದ ಮೇಲೆ, ಒಂದರ ಮೇಲಿಂದ ಇನ್ನೊಂದಕ್ಕೆ ಬೇಗ ಬೇಗ ಕಣ್ಣು ಹಾಯಿಸಿ ಹೋಲಿಸಬೇಕು. 1911ರಿಂದ ಇದೇ ಕೆಲಸ ಮಾಡುತ್ತಿರುವ ಅಮೆರಿಕದ ಎಎವಿಎಸ್ಒ ಸಂಘದವರು ನಕಾಶೆಯನ್ನು ಪುಕ್ಕಟೆ ಕೊಡುತ್ತಾರೆ. ಅದರಲ್ಲಿ 62 ಅಂತಿದ್ದರೆ ಕಾಂತಿಮಾನ (ನಕ್ಷತ್ರದ ಬೆಳಕಿನ ಅಳತೆ, ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು) 6.2 ಅಂತ ಓದಿಕೊಳ್ಳಿ. ಅಂಕಿ ನಡುವೆ ಚುಕ್ಕಿ ಹಾಕಿದರೆ ಅದೇ ನಕ್ಷತ್ರ ಅನ್ನಿಸೀತು ಅಂತ ಬಿಟ್ಟಿರುತ್ತಾರೆ. ನೀವು ನೋಡಿದ್ದನ್ನು ಅವರಿಗೇ ಕಳಿಸಲೂಬಹುದು.

ಕೊರತೆ ಇಲ್ಲ ಅಂತಲ್ಲ. ನೋಟದ ಅಂಚಿನಲ್ಲಿ ನಕ್ಷತ್ರಗಳು ಹಿಗ್ಗಿ ಬಾಲ ಬಂದಂತೆ ಕಾಣುತ್ತವೆ, ಹೋಲಿಸುವವನ್ನು ನಡುವೆ ಇಟ್ಟುಕೊಳ್ಳಬೇಕು. ಲುಬ್ಧಕ (ಸಿರಿಯಸ್) ನಕ್ಷತ್ರಕ್ಕೆ ಹಿಡಿದರೆ ಸುತ್ತ ನೇರಳೆ ಅಂಚು ಎದ್ದು ಕಾಣುತ್ತದೆ. ಮುಕ್ಕಾಲು ಕೇಜಿಗಿಂತ ಜಾಸ್ತಿ ಭಾರ, ಸ್ವಲ್ಪ ಹೊತ್ತಿಗೇ ಕೈ ನಡುಗುತ್ತದೆ. ಟ್ರೈಪಾಡಿಗೆ ಕೂರಿಸುವ ತುಂಡನ್ನು ಡಬ್ಬದಲ್ಲಿ ಕೊಡುವುದಿಲ್ಲ, ಬೇರೆ ತಗೋಬೇಕು. ನಾನು ಕುರ್ಚಿಗೆ ಒರಗಿ ಮೊಣಕೈ ಊರಿಕೊಂಡು ನೋಡುತ್ತೇನೆ, ನಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಕಾಟ ಬೇರೆ. ಗಾಜನ್ನು ಅಂಗಿಯಿಂದ ಒರೆಸಬೇಡಿ, ಸುಮ್ನೆ ಒಣಗಲು ಬಿಡಿ.

ಹುಬ್ಬಳ್ಳಿಯ ಬೆಳಕು ನಮಗೆ ಆಗ್ನೇಯಕ್ಕೆ ಏಳುತ್ತದೆ. ನಕ್ಷತ್ರ ಆಗಷ್ಟೇ ಹುಟ್ಟಿದಾಗ ಅದರಲ್ಲೇ ಮುಳುಗಿರುತ್ತದೆ, ದಕ್ಷಿಣಕ್ಕೆ ಬರುವವರೆಗೆ ಕಾಯಿರಿ. ಗದಗಿನವರಿಗೆ ಕಪ್ಪತಗುಡ್ಡದ ಕಡೆ ಆಕಾಶ ಇನ್ನೂ ಕಪ್ಪು ಸಿಗುತ್ತದೆ, ಅವರು ಪುಣ್ಯವಂತರು.

ಕೊಳ್ಳುವಾಗ ಹತ್ತರಿಂದ ಮೂವತ್ತು ಪಟ್ಟು ಅನ್ನುವ ಜೂಮ್ ಮಾಲು ಮುಟ್ಟಬೇಡಿ, ನೋಟ ಕಿರಿದು, ಬೆಳಕೂ ಕಮ್ಮಿ. ಕೆಂಪಗೆ ಹೊಳೆಯುವ ಗಾಜಿನವೂ ಬೇಡ, ಆ ಲೇಪ ಕೆಂಪು ಬೆಳಕನ್ನೇ ವಾಪಸ್ ಕಳಿಸುತ್ತದೆ, ನಮಗೆ ಬೇಕಿರುವುದು ಅದೇ ಅಲ್ವಾ. ಬೈನಾಕ್ಯುಲರನ್ನು ಕೈ ಚಾಚಿ ಬೆಳಕಿನ ಕಡೆ ಹಿಡಿದು ಐಪೀಸ್ (ಕಣ್ಣಿನ ಕಡೆಯ ಗಾಜು) ನೋಡಿ. ಒಳಗಿನ 5 ಮಿ.ಮೀ. ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿದ್ದರೆ ಪ್ರಿಸಂ (ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಒಳ್ಳೇದು, ಅಂಚು ಚೌಕಾಕಾರಕ್ಕೆ ಕತ್ತರಿಸಿದಂತಿದ್ದರೆ ಅಂಗಡಿಯವರಿಗೇ ವಾಪಸ್ ಕೊಟ್ಟು ಇನ್ನೊಂದು ತೋರಿಸಿ ಅನ್ನಿ.