ಕಬಡ್ಡಿ ಟೂರ್ನಮೆಂಟಿಗೆ ರಸೀದಿ ಬುಕ್ಕಾ, ಸ್ಪಾನ್ಸರ್ ಲೆಟರ್ರಾ?

ರಸೀದಿ ಬುಕ್ ಹಿಡ್ಕೊಂಡು ಅಂಗಡಿ ಸುತ್ತಿದ್ರೆ ದುಡ್ಡು ಅವತ್ತೇ ಕೈಗೆ ಬರುತ್ತೆ, ಆದ್ರೆ ಗಣೇಶ, ರಾಜ್ಯೋತ್ಸವ ಅಂತ ಎಲ್ಲಾ ಸಂಘದವ್ರೂ ಅಲ್ಲಿಗೇ ಹೋಗೋದ್ರಿಂದ ನೂರೋ ಇನ್ನೂರೋ ಕೊಟ್ಟು ಸಾಗಹಾಕ್ತಾರೆ. ಸ್ಪಾನ್ಸರ್ ಅಂದ್ರೆ ತಿಂಗಳು ಮುಂಚೆನೇ ಲೆಟರ್‌ಹೆಡ್‌ನಲ್ಲಿ ಖರ್ಚಿನ ಪಟ್ಟಿ ಬರ್ದು, ಸ್ಪೋರ್ಟ್ಸ್ ಅಂಗಡಿಯವ್ರಿಗೆ ಜರ್ಸಿ, ಬೇಕರಿಯವ್ರಿಗೆ ಬನ್ನು, ಶಾಮಿಯಾನದವ್ರಿಗೆ ಕುರ್ಚಿ, ಹೀಗೆ ಅವ್ರ ಹತ್ರ ಇರೋದನ್ನೇ ಕೇಳ್ಬೇಕು, ಓಡಾಟ ಜಾಸ್ತಿ ಆದ್ರೂ ನನ್ ಓಟು ಇದಕ್ಕೇ. ಜರ್ಸಿ ಮೇಲೆ ಹೆಸ್ರು ಬಂದ್ರೆ ಅವ್ರಿಗೂ ಪ್ರಚಾರ.

ದೊಡ್ಡ ಮೊತ್ತ ಕೊಡೋರು 80ಜಿ, ಅಂದ್ರೆ ದಾನಕ್ಕೆ ಸಿಗೋ ಆದಾಯ ತೆರಿಗೆ ರಿಯಾಯಿತಿ ಕೇಳ್ತಾರೆ, ಅದು ತೆರಿಗೆ ಇಲಾಖೆ ಮಾನ್ಯತೆ ಇರೋ ಸಂಘಕ್ಕೆ ಮಾತ್ರ, ನಗದು ₹2,000 ದಾಟಿದ್ರೆ ಸಿಗಲ್ಲ, ವಸ್ತು ಕೊಟ್ರಂತೂ ಇಲ್ವೇ ಇಲ್ಲ, ಹಾಗಾಗಿ ಅಂಥವ್ರ ಹತ್ರ ಚೆಕ್ಕೋ ಯುಪಿಐಯೋ ಸಂಘದ ಅಕೌಂಟಿಗೇ ಹಾಕ್ಸಿ. ಸಂಘ ಇನ್ನೂ ರಿಜಿಸ್ಟರ್ ಆಗಿಲ್ಲ ಅಂದ್ರೆ ಈ ವರ್ಷ ವಸ್ತುನೇ ಕೇಳಿ, ಮುಗಿದ್ಮೇಲೆ ಫೋಟೋ, ಲೆಕ್ಕ ಎರಡೂ ಕೊಟ್ಟು ಬನ್ನಿ.