“ನಾವು ಎಂಎಸ್‌ಎಂಇ ಅಲ್ಲ” ಅಂತ ಲೆಟರ್ ಕೇಳ್ತಾರೆ, ಕೊಡಬೇಡಿ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿ, ಎಲ್ಲೇ ಇರಿ, ದೊಡ್ಡ ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡೋ ಸಣ್ಣ ಶೆಡ್‌ನವರು ದಯವಿಟ್ಟು ಇದನ್ನ ಪೂರ್ತಿ ಓದಿ. ಎಂಎಸ್‌ಎಂಇ ಅಂದ್ರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ. ಕಂಪನಿ ಹೆಸರು ಹಾಕ್ತಿಲ್ಲ, ಕೇಸ್ ನಡೀತಿದೆ. ಹೆಸರು ಮುಖ್ಯನೂ ಅಲ್ಲ, ಇದೇ ಲೆಟರ್ ಬೇರೆ ಬೇರೆ ಕಂಪನಿಗಳಿಂದ ಬೇರೆಯವರಿಗೂ ಬಂದಿದೆ.

ನಮ್ಮದು ಪೀಣ್ಯದಲ್ಲಿ ಮಷೀನ್ ಶಾಪ್. ಅಣ್ಣ ಮಷೀನ್ ನೋಡ್ಕೋತಾನೆ, ಬಿಲ್ಲು, ಜಿಎಸ್‌ಟಿ, ಬ್ಯಾಂಕು ನನ್ನ ಕೈಯಲ್ಲಿ. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಕಂಪನಿಯದು. ಪಿಒನಲ್ಲಿ (ಪರ್ಚೇಸ್ ಆರ್ಡರ್) ಪೇಮೆಂಟ್‌ಗೆ 120 ದಿನ ಅಂತ ಇರುತ್ತೆ, ಅದನ್ನೂ ದಾಟಿ ದುಡ್ಡು ಬರೋದು. ಫೋನ್ ಮಾಡಿ ಮಾಡಿ ವಸೂಲಿ ಮಾಡೋದು ಎಲ್ಲರಿಗೂ ಗೊತ್ತಿರೋ ಕಥೆ.

2024ರ ಮಾರ್ಚ್‌ನಲ್ಲಿ ಆ ಕಂಪನಿಯ ಪರ್ಚೇಸ್ ವಿಭಾಗದಿಂದ ಫೋನ್ ಬಂತು. “ಮೇಡಂ, ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಡಿಕ್ಲರೇಶನ್ ಬೇಕಿತ್ತು. ಆಡಿಟ್‌ಗೆ. ಫಾರ್ಮಾಲಿಟಿ ಅಷ್ಟೇ.” ಹಿಂದೆಯೇ ವಾಟ್ಸಾಪ್‌ನಲ್ಲಿ ಫಾರ್ಮ್ಯಾಟ್ ಬಂತು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನಾವು ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಅಲ್ಲ ಅಂತ ನಾವೇ ಬರೆದು ಸೀಲು ಹಾಕಿ ಕೊಡಬೇಕಂತೆ. ನಾನು ಕೇಳಿದೆ, “ಸಾರ್, ನಮಗೆ ಎಂಎಸ್‌ಎಂಇ ಅಂತ ಸರ್ಕಾರದ ಉದ್ಯಮ್ ಸರ್ಟಿಫಿಕೇಟ್ ಇದೆ, ನಿಮಗೂ ಕಾಪಿ ಕೊಟ್ಟಿದ್ದೀವಿ. ಇಲ್ಲ ಅಂತ ಹೇಗೆ ಬರೆಯೋದು?”

“ಅದೆಲ್ಲ ಬ್ಯಾಂಕ್ ಲೋನ್‌ಗೆ ಮೇಡಂ. ನಮ್ಮ ಪೇಮೆಂಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಲೆಟರ್ ಬರಲಿಲ್ಲ ಅಂದ್ರೆ ಸಿಸ್ಟಂ ನಿಮ್ಮ ವೆಂಡರ್ ಕೋಡ್ ಬ್ಲಾಕ್ ಮಾಡುತ್ತೆ. ನನ್ನ ಕೈಯಲ್ಲೇನೂ ಇಲ್ಲ.”

ಲಕ್ಷಗಟ್ಟಲೆ ದುಡ್ಡು ಅವರ ಹತ್ರ ನಿಂತಿರುವಾಗ ಈ ಮಾತು ಹೇಳಿದ್ರೆ ಏನು ಮಾಡ್ತೀರಿ? ಲೆಟರ್ ಹೋಯ್ತು. ದಿನಾಂಕದ ಜಾಗ ಖಾಲಿ ಬಿಡಿಸಿಕೊಂಡರು. “ಡೇಟ್ ನಾವು ಹಾಕ್ಕೋತೀವಿ ಮೇಡಂ, ಎಲ್ಲಾ ವೆಂಡರ್‌ದೂ ಒಂದೇ ಡೇಟ್ ಇರಬೇಕು.”

ಅವರಿಗೆ ಆ ಲೆಟರ್ ಯಾಕೆ ಬೇಕಿತ್ತು ಅನ್ನೋದನ್ನ ನಮ್ಮ ಸಿಎ ಆಮೇಲೆ ಬಿಡಿಸಿ ಹೇಳಿದರು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ 2023ರ ಫೈನಾನ್ಸ್ ಆಕ್ಟ್‌ನಲ್ಲಿ (ಹೆಚ್) ಅಂತ ಒಂದು ಕಲಂ ಸೇರಿಸಿದರು, 2024ರ ಏಪ್ರಿಲ್ 1ರಿಂದ ಜಾರಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ದುಡ್ಡನ್ನ ಎಂಎಸ್‌ಎಂಇಡಿ ಕಾಯ್ದೆ ಹೇಳಿದ ಗಡುವಿನೊಳಗೆ ಕೊಡದಿದ್ರೆ, ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನ ಖರ್ಚು ಅಂತ ತೋರಿಸಬಹುದು. ಅಲ್ಲೀವರೆಗೆ ಅಷ್ಟು ದುಡ್ಡು ಲಾಭದ ಲೆಕ್ಕಕ್ಕೆ ಸೇರಿ ಅದರ ಮೇಲೆ ಟ್ಯಾಕ್ಸ್ ಕಟ್ಟಬೇಕು. ಗಡುವು ಅಂದ್ರೆ ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೂ 45 ದಿನ ದಾಟೋ ಹಾಗಿಲ್ಲ. ಪಿಒನಲ್ಲಿ 120 ಅಂತ ಅಚ್ಚು ಹಾಕಿಸಿದ್ರೂ ಅಷ್ಟೇ. ನಮ್ಮಂಥವರಿಗೆ ದುಡ್ಡು ಬೇಗ ಸಿಗಲಿ ಅಂತ ತಂದ ಕಾನೂನು. ಅದರಿಂದ ತಪ್ಪಿಸಿಕೊಳ್ಳೋಕೆ ನಮ್ಮ ಕೈಯಿಂದಲೇ, ನಮ್ಮ ಸೀಲಿನಿಂದಲೇ, ನಾವು ಸಣ್ಣವರಲ್ಲ ಅಂತ ಬರೆಸಿಕೊಂಡರು!

ಲೆಟರ್ ಹೋದ ಮೇಲೆ ಪೇಮೆಂಟ್ ಇನ್ನೂ ನಿಧಾನ ಆಯ್ತು. ಬಿಲ್ ಹಾಕಿದ ಮುಂದಿನ ತಿಂಗಳು 20ನೇ ತಾರೀಕಿನೊಳಗೆ 18% ಜಿಎಸ್‌ಟಿ ನಾವು ಕೈಯಿಂದ ಕಟ್ಟಿದ್ದೀವಿ. ಅದನ್ನ ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋ ಇನ್‌ಪುಟ್ ಕ್ರೆಡಿಟ್ ಅವರು ತಗೊಂಡೂ ಆಗಿದೆ. ನಮಗೆ ಬಿಲ್ ದುಡ್ಡು ಮಾತ್ರ ಇಲ್ಲ. ಹುಡುಗರಿಗೆ ಸಂಬಳ ತಡ ಆದಾಗ ಅವರ ಮುಖ ನೋಡೋಕೆ ನನಗೆ ಎಷ್ಟು ನಾಚಿಕೆ ಆಗ್ತಿತ್ತು ಅಂತ ಇಲ್ಲಿ ಬರೆಯೋಕೂ ಆಗಲ್ಲ.

ಕೊನೆಗೆ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಈ ಗಡುವು ಹೇಳೋ ಸೆಕ್ಷನ್ 15 ಹಾಕಿ ಮೇಲ್ ಕಳಿಸಿದೆ. ಅಕೌಂಟ್ಸ್‌ನಿಂದ ಎರಡೇ ಸಾಲು ಉತ್ತರ. ನಿಮ್ಮದೇ ಡಿಕ್ಲರೇಶನ್ ಪ್ರಕಾರ ನೀವು ಎಂಎಸ್‌ಎಂಇ ಅಲ್ಲ, ಪಿಒ ಪ್ರಕಾರ ಪೇಮೆಂಟ್ ಆಗುತ್ತೆ. ಕೆಳಗೆ ಸ್ಕ್ಯಾನ್ ಕಾಪಿ. ತೆಗೆದು ನೋಡಿದ್ರೆ ಮೈ ಉರಿದುಹೋಯ್ತು. ನನ್ನ ಸೈನು ನೀಲಿ ಇಂಕು. ಮೇಲೆ ಕಪ್ಪು ಇಂಕಿನಲ್ಲಿ, ಯಾರದೋ ಕೈಬರಹದಲ್ಲಿ ದಿನಾಂಕ: 1-4-2023. ಒಂದು ವರ್ಷ ಹಿಂದಿಂದು! ನಾವು ಈಗಿನ ಶೆಡ್‌ಗೆ ಬಂದಿದ್ದೇ 2023ರ ದಸರಾ ಆದ್ಮೇಲೆ. ಲೆಟರ್‌ಹೆಡ್‌ನಲ್ಲಿರೋ ವಿಳಾಸ ಈ ಹೊಸ ಶೆಡ್‌ದು. ಏಪ್ರಿಲ್‌ನಲ್ಲಿ ಈ ವಿಳಾಸದಿಂದ ನಾನು ಹೇಗೆ ಲೆಟರ್ ಕೊಡ್ಲಿ?

ಲೆಟರ್ ಕೇಳಿದ್ದ ಪರ್ಚೇಸ್‌ನವರಿಗೆ ಫೋನ್ ಮಾಡಿ ಕೇಳಿದೆ. “ಮೇಡಂ, ಸೈನ್ ನಿಮ್ದೇ ತಾನೆ?” ಅಷ್ಟೇ. ಇಷ್ಟು ವರ್ಷ ನಮ್ಮ ಶೆಡ್‌ಗೆ ಬಂದು ಕಾಫಿ ಕುಡಿದು ಹೋಗ್ತಿದ್ದ ಮನುಷ್ಯ. “ಸೈನ್ ನಿಮ್ದೇ ತಾನೆ?”

ಲಾಯರ್ ಹೇಳಿದ್ದು ಇಷ್ಟು. ಲೆಟರ್ ಕೊಟ್ಟ ಮಾತ್ರಕ್ಕೆ ಉದ್ಯಮ್ ನೋಂದಣಿ ರದ್ದಾಗಲ್ಲ. ಪೋರ್ಟಲ್‌ನಲ್ಲಿ ನಂಬರ್ ಹಾಕಿ ಯಾರು ಬೇಕಾದ್ರೂ ನೋಡಬಹುದು. ಸೆಕ್ಷನ್ 24ರ ಪ್ರಕಾರ ಗಡುವು, ಬಡ್ಡಿ ವಿಷಯದಲ್ಲಿ ಎಂಎಸ್‌ಎಂಇಡಿ ಕಾಯ್ದೆಯದೇ ಮೇಲುಗೈ. ತಡ ಆದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. 2024ರಲ್ಲಿ ಆ ದರ 6.75% ಇತ್ತು, ಮೂರು ಪಟ್ಟು ಅಂದ್ರೆ 20.25%. ತಡವಾದ ಪೇಮೆಂಟ್ ದೂರಿಗೆ ಅಂತ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ವಿ, ಅದು ಇಂಥ ಜಗಳ ತೀರಿಸೋ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮದು ಇನ್ನೂ ನಡೀತಾನೇ ಇದೆ.

ಅರ್ಜಿ ಹೋದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ನಮ್ಮ ಮಾಲಿನಲ್ಲಿ ದೋಷ ಕಾಣಿಸಿತು. ನಾವು ಕೊಟ್ಟ ಬುಷ್‌ಗಳ (ಬಳೆಯಂಥ ಪಾರ್ಟ್ಸ್) ಬೋರ್ ಸೈಜ್, ಅಂದ್ರೆ ಒಳಗಿನ ತೂತಿನ ಅಳತೆ, ಔಟ್ ಅಂತೆ! ಮಾಲು ಇಳಿಸಿಕೊಂಡು, ಅವರ ಕ್ಯೂಸಿಯವರೇ (ಮಾಲಿನ ಗುಣಮಟ್ಟ ನೋಡೋರು) ಡೆಲಿವರಿ ಚಲನ್ ಮೇಲೆ ಓಕೆ ಸೀಲು ಹೊಡೆದು, ಬುಷ್‌ಗಳನ್ನ ಅಸೆಂಬ್ಲಿಗೂ ಹಾಕಿ ತಿಂಗಳುಗಳಾದ ಮೇಲೆ. ತಕರಾರಿದ್ರೆ ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು, ಇಲ್ಲಾಂದ್ರೆ ಒಪ್ಪಿಕೊಂಡ ಹಾಗೆ ಅಂತ ಅದೇ ಕಾಯ್ದೆಯಲ್ಲಿದೆ. ಸೀಲು ಬಿದ್ದ ಚಲನ್‌ಗಳನ್ನೆಲ್ಲ ಅಣ್ಣ ಫೈಲ್ ಮಾಡಿ ಇಟ್ಟಿದ್ದ. ನೀವೂ ಇಡಿ.

ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ನೋಂದಣಿ ಇಲ್ಲದಿದ್ರೆ ಮಾಲು ಕಳಿಸೋಕೆ ಮುಂಚೆಯೇ ಮಾಡಿಸಿ, ಅದಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಆಮೇಲೆ ಮಾಡಿಸಿದ್ರೆ ಹಳೇ ಬಿಲ್‌ಗಳಿಗೆ ಹಕ್ಕು ಕೇಳೋದು ಕಷ್ಟ, ಅದರ ಮೇಲೆ ಸುಪ್ರೀಂ ಕೋರ್ಟ್‌ವರೆಗೂ ಜಗಳ ಹೋಗಿದೆ. ಬರೀ ಟ್ರೇಡಿಂಗ್ ಮಾಡೋರಿಗೆ ಈ 43ಬಿ(ಹೆಚ್) ರಕ್ಷಣೆ ಇಲ್ಲ, ಸಿಎ ಹತ್ರ ಕೇಳ್ಕೊಳ್ಳಿ. ಕೆಲವರಿಗೆ ನೋಂದಣಿಯನ್ನೇ ಕ್ಯಾನ್ಸಲ್ ಮಾಡಿಸಿ ಅಂತಲೂ ಹೇಳ್ತಿದ್ದಾರೆ. ಅದನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ಫೋನ್‌ನಲ್ಲಿ ಹೇಳಿದ್ದನ್ನ ಮೇಲ್‌ನಲ್ಲಿ ಕಳಿಸಿ ಅನ್ನಿ, ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ. ವಾಟ್ಸಾಪ್ ಚಾಟ್ ಅಳಿಸಬೇಡಿ. ಆ ಫಾರ್ಮ್ಯಾಟ್ ಬಂದಿದ್ದು 2024ರ ಮಾರ್ಚ್‌ನಲ್ಲಿ ಅಂತ ತೋರಿಸೋಕೆ ನನ್ನ ಹತ್ರ ಇರೋದು ಲೆಟರ್‌ಹೆಡ್ ವಿಳಾಸ ಬಿಟ್ರೆ ಆ ಚಾಟ್ ಒಂದೇ.

2025ರ ಏಪ್ರಿಲ್ 1ರಿಂದ ಮಿತಿ ಏರಿಸಿದ್ದಾರೆ, 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನ ತನಕ ಸಣ್ಣ ಉದ್ಯಮವೇ. ಮೊದಲು ಈ ಲೆಕ್ಕಕ್ಕೆ ಬರದವರೂ ಈಗ ಬರ್ತಾರೆ, ಹಾಗಾಗಿ ಅವರಿಗೂ ಲೆಟರ್ ಕೇಳಿ ಫೋನ್ ಬರುತ್ತೆ.

ಮೊನ್ನೆ ಕಂಪನಿಯಿಂದ ರಾಜಿ ಮಾತು ಬಂತು. ಬಡ್ಡಿ ಬಿಟ್ಟುಬಿಡಿ, ಅಸಲು ಕಂತಿನಲ್ಲಿ ಕೊಡ್ತೀವಿ, ಕೇಸ್ ವಾಪಸ್ ತಗೊಂಡ್ರೆ ಹೊಸ ಪಿಒ ಕೂಡ ಕೊಡ್ತೀವಿ ಅಂತ. ಆ ಪಿಒನಲ್ಲೂ 120 ದಿನವೇ ಇದೆ. ಬೇಡ ಅಂತ ಬರೆದು ಕಳಿಸಿದ್ದೀವಿ.